ಬುತ್ತಿ ಇದ್ದವರಿಗೆ ಮಾತ್ರ ದಾರಿ

ಲಾಕ್‌ಡೌನಿನ ಆ ಬೇಸಿಗೆಯಲ್ಲಿ ನಮ್ಮ ಪೊಲೀಸ್ ನಾಕಾ ದಾಟಲು ಪಾಸು ಬೇಕಾಗಿರಲಿಲ್ಲ, ಆಧಾರ್ ಕಾರ್ಡೂ ಬೇಕಾಗಿರಲಿಲ್ಲ. ಕೈಯಲ್ಲೊಂದು ಬುತ್ತಿಗಂಟು ಇದ್ದರೆ ಸಾಕಿತ್ತು. ಊರೆಲ್ಲ ಬಂದ್ ಆಗಿದ್ದರೂ ಹೊಲದ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಆದೇಶವಿತ್ತು. ಆದರೆ ಹೊಲಕ್ಕೆ ಹೋಗುವವರು ಯಾರು, ಸುಮ್ಮನೆ ತಿರುಗಾಡುವವರು ಯಾರು ಎಂದು ತಿಳಿಯುವುದು ಹೇಗೆ? ಪಹಣಿ ತೋರಿಸಿ ಎಂದರೆ ಕೂಲಿ ಹೆಂಗಸರು ಎಲ್ಲಿಂದ ತರಬೇಕು? ನಮ್ಮ ಹವಾಲ್ದಾರರು ಮೊದಲ ದಿನವೇ ಇದಕ್ಕೊಂದು ತೀರ್ಮಾನ ಕೊಟ್ಟುಬಿಟ್ಟರು.

"ಬುತ್ತಿ ಇದ್ದವರನ್ನ ಬಿಡು. ಕೈ ಬೀಸ್ಕೋತ ಬಂದವರನ್ನ ಹೊಳ್ಳಿ ಕಳಿಸು."

ಇದನ್ನು ಯಾರೂ ಬರೆದು ಅಂಟಿಸಲಿಲ್ಲ, ಡಂಗುರ ಸಾರಲಿಲ್ಲ. ಆದರೂ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ನಾನು ಮಹಿಳಾ ಕಾನ್‌ಸ್ಟೆಬಲ್. ತಾಲೂಕು ಊರಿನಿಂದ ಕರಜಗಿ ಕಡೆಗೆ ಹೋಗುವ ರಸ್ತೆಯ ನಾಕಾದಲ್ಲಿ ಬೆಳಗಿನ ಪಾಳಿ ನನ್ನದು ಮತ್ತು ನಿವೃತ್ತಿಗೆ ಹತ್ತಿರವಾಗಿದ್ದ ಆ ಹವಾಲ್ದಾರರದು. ನಾಕಾ ಎಂದರೆ ಎರಡು ಕಬ್ಬಿಣದ ಬ್ಯಾರಿಕೇಡು, ಒಂದು ಹರಿದ ಶಾಮಿಯಾನ, ನೀರಿನ ಕೊಡ. ಒಂದು ಬ್ಯಾರಿಕೇಡು ಊರ ಕಡೆ, ಬೇವಿನ ಗಿಡದ ಬುಡದಲ್ಲಿ. ಇನ್ನೊಂದು ದೂರದಲ್ಲಿ, ಹಳ್ಳದ ಸಣ್ಣ ಸೇತುವೆಯ ಹತ್ತಿರ. ಎರಡನ್ನೂ ಹೀಗೆ ದೂರದೂರ ಇಡಿಸಿದವರು ನಮ್ಮ ಪಿಎಸ್‌ಐ ಸಾಹೇಬರು. ಭೀಮಾ ಹೊಳೆಯ ಆಚೆಯಿಂದ, ಮುಂಬೈ ಪುಣೆ ಕಡೆಯಿಂದ ಜನ ಗಂಟುಮೂಟೆ ಹೊತ್ತು ಮರಳುತ್ತಿದ್ದ ದಿನಗಳವು. ಹೊರಗಿನಿಂದ ಬಂದವರು ಸೇತುವೆಯ ಹತ್ತಿರ ನಿಲ್ಲಬೇಕು, ಊರಿನವರು ಬೇವಿನ ಗಿಡದ ಹತ್ತಿರ ನಿಲ್ಲಬೇಕು, ಇವರ ಉಸಿರು ಅವರಿಗೆ ತಾಗಬಾರದು. ಬೆಳಿಗ್ಗೆ ಹೊಲದವರು ದಾಟಿಹೋದರೆಂದರೆ ನಡುವಿನ ರಸ್ತೆ ಬಿಕೋ ಎನ್ನುತ್ತಿತ್ತು. ಅದರಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುವವಳು ನಾನೊಬ್ಬಳೇ. ನಡೆಯಬೇಡಿ, ಮನೆಯಲ್ಲೇ ಇರಿ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನೇ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನಡೆಯುತ್ತಿದ್ದೆ. ಬೆಲ್ಟು ಸಡಿಲಾಗಿತ್ತು. ಇನ್ನೊಂದು ತೂತು ಹಾಕಿಸೋಣವೆಂದರೆ ಚಪ್ಪಲಿ ಹೊಲಿಯುವವರ ಅಂಗಡಿಯೂ ಬಂದ್.

ಹೆದರಿಕೆಯ ಮಾತು ಹೇಳಿಬಿಡುತ್ತೇನೆ, ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ಖಾಕಿ ಹಾಕಿದವರಿಗೆ ಹೆದರಿಕೆಯಿಲ್ಲ ಎಂದುಕೊಳ್ಳುವವರು ಆಗ ನನ್ನನ್ನು ನೋಡಬೇಕಿತ್ತು. ಯಾರಾದರೂ ಕೆಮ್ಮಿದರೆ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಮನೆಯಲ್ಲಿ ದಮ್ಮಿನ ರೋಗದ ಅತ್ತೆ, ಇನ್ನೂ ಶಾಲೆಗೆ ಸೇರದ ಮಗಳು. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕೆಂದು ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ಪಾಳಿ ಮುಗಿಸಿ ಹೋದವಳು ಹಿತ್ತಲಲ್ಲೇ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ, ಪಡಸಾಲೆಯಲ್ಲಿ ಒಬ್ಬಳೇ ಮಲಗುತ್ತಿದ್ದೆ. ಮಗಳು ಒಳಬಾಗಿಲ ಹೊಸ್ತಿಲಲ್ಲಿ ನಿಂತು "ಅವ್ವಾ, ಬರ್ಲೇನು?" ಎಂದು ಕೇಳಿದರೆ "ಬರಬ್ಯಾಡ" ಎಂದು ಗದರುತ್ತಿದ್ದೆ. ಹೊರಗಿನವರು ಕೊಟ್ಟದ್ದನ್ನು ತಿನ್ನುವುದು ಬಿಟ್ಟಿದ್ದೆ. ನಾಕಾಕ್ಕೆ ಯಾರೋ ಪುಣ್ಯಾತ್ಮರು ತಂದುಕೊಟ್ಟ ಉಪ್ಪಿಟ್ಟನ್ನು ಅವರ ಬೆನ್ನು ತಿರುಗಿದ ಕೂಡಲೇ ನಾಯಿಗೆ ಹಾಕುತ್ತಿದ್ದೆ.

ಮೇಲಿನಿಂದ ಬಂದ ಹುಕುಂ ಸ್ಪಷ್ಟವಿತ್ತು. ವಾಕಿಂಗ್, ಓಟ, ವ್ಯಾಯಾಮ ಯಾವುದಕ್ಕೂ ಹೊರಗೆ ಬರುವ ಹಾಗಿಲ್ಲ. ಬಂದವರನ್ನು ತಿರುಗಿಸಿ ಕಳಿಸಬೇಕು. ಹುಡುಗರು ಮಾತು ಕೇಳದಿದ್ದರೆ ಬಸ್ಕಿ ಹೊಡೆಸುವುದು ನಡೆದೇ ಇತ್ತು. ವ್ಯಾಯಾಮಕ್ಕೆ ಬಂದವನಿಗೆ ವ್ಯಾಯಾಮವನ್ನೇ ಶಿಕ್ಷೆಯಾಗಿ ಕೊಡುವ ಈ ಬುದ್ಧಿ ಮೊದಲು ಯಾರ ತಲೆಗೆ ಹೊಳೆಯಿತೋ, ನನಗಂತೂ ನಗು ಬರುತ್ತಿತ್ತು. ಮಾಸ್ಕ್ ಇದ್ದದ್ದರಿಂದ ನಕ್ಕರೂ ಕಾಣುತ್ತಿರಲಿಲ್ಲ.

ನಿವೃತ್ತ ಮಾಸ್ತರರೊಬ್ಬರು ದಿನಾ ಬೆಳಿಗ್ಗೆ ಬೇವಿನ ಗಿಡದವರೆಗೆ ಬಂದು ನಿಲ್ಲುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೋಲು, ಸಕ್ಕರೆ ಕಾಯಿಲೆ. "ಸೇತುವೆ ತನಕ ಹೋಗಿ ಬರ್ತೀನ್ರಿ ಬಾಯಿ" ಎಂದು ನನ್ನನ್ನು ಕೇಳುವರು. ಇಲ್ಲ ಎಂದರೆ ಎದುರಾಡದೆ ಹಿಂದಿರುಗುವರು. ಅವರಿಗೆ ಹೊಲವಿರಲಿಲ್ಲ, ಹೀಗಾಗಿ ಬುತ್ತಿಯೂ ಇರಲಿಲ್ಲ. ಅದೇ ಹೊತ್ತಿಗೆ ಊರಿನ ಸಾವ್ಕಾರರೊಬ್ಬರ ಕಾರು ಬರುತ್ತಿತ್ತು. ಅವರದು ರಸ್ತೆಯ ಪಕ್ಕದಲ್ಲೇ ನೀರಾವರಿ ಕಬ್ಬಿನ ಹೊಲ. ಸೀಟಿನ ಮೇಲೆ ಒಂದು ಪುಟ್ಟ ಟಿಫಿನ್ ಡಬ್ಬಿ, ಕಾಲಿಗೆ ಬಿಳಿ ಬೂಟು. ಹೊಲದ ಬದುವಿನ ಮೇಲೆ ಸುತ್ತು ಹಾಕಿ, ಬೆವರಿ, ಕೆಂಪಗಾಗಿ ಮರಳುವರು. ಕೆಟ್ಟವರಲ್ಲ. ಸಜ್ಜನರು, ನಮಗೆ ಮಜ್ಜಿಗೆ ಕಳಿಸುತ್ತಿದ್ದರು. "ಶುಗರ್ ಇಳದಾದ ನೋಡ್ರಿ ಮೇಡಂ, ಲಾಕ್‌ಡೌನ್ ನನಗ ಚಲೋ ಆತು" ಎಂದು ಒಂದು ದಿನ ಸಂತೋಷದಿಂದಲೇ ಹೇಳಿದರು. ಕಾನೂನಿನ ಪ್ರಕಾರ ಅವರದೇನೂ ತಪ್ಪಿಲ್ಲ. ರೈತರೊಬ್ಬರು ತಮ್ಮ ಹೊಲಕ್ಕೆ ಹೋಗಿದ್ದರು. ಅಷ್ಟೇ ಸತ್ಯವಾಗಿ ನನ್ನ ಹೊಟ್ಟೆ ಉರಿಯಿತು.

ಆ ವಾರದಲ್ಲೇ ನನ್ನ ಕಣ್ಣಿಗೆ ಒಬ್ಬ ಹೆಂಗಸು ಬಿದ್ದಳು. ಕಬ್ಬಿನ ಕಳೆ ಕೀಳುವ ಹೆಂಗಸರ ಗುಂಪಿನ ಹಿಂದೆ, ಒಂದಿಷ್ಟು ಅಂತರ ಬಿಟ್ಟು, ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು, ಬಡಿಗೆ ಊರುತ್ತ ಬರುವಳು. ಎಡಗಾಲು ಎಳೆಯುತ್ತಿತ್ತು. ಹೆಗಲಿಗೆ ಬುತ್ತಿ ಇತ್ತು, ಬಿಟ್ಟೆವು. ಆದರೆ ಗುಂಪು ಹೊಲಕ್ಕೆ ಇಳಿದರೆ ಈಕೆ ಸೇತುವೆ ಮುಟ್ಟಿ, ತುಸು ಕೂತು, ವಾಪಸು ಬಂದುಬಿಡುತ್ತಿದ್ದಳು. ಹೊಲಕ್ಕೆ ಹೋದ ಹೆಣ್ಣುಮಗಳು ಎಂದೂ ಬರಿಗೈಲಿ ಬರುವುದಿಲ್ಲ. ಒಂದು ಹೊರೆ ಮೇವು, ನಾಲ್ಕು ಪುಳ್ಳೆ, ಏನೂ ಇಲ್ಲವೆಂದರೆ ಉಡಿಯಲ್ಲಿ ಒಂದು ಹಿಡಿ ಸೊಪ್ಪು. ಈಕೆಯ ಕಾಲಿಗೆ ಮಣ್ಣೂ ಇರಲಿಲ್ಲ. ಹೋಗುವಾಗ ಎಷ್ಟು ದಪ್ಪ ಇತ್ತೋ ಬರುವಾಗಲೂ ಬುತ್ತಿ ಅಷ್ಟೇ ದಪ್ಪ.

ಪೊಲೀಸ್ ಬುದ್ಧಿ ಸುಮ್ಮನಿರುತ್ತದೆಯೇ? ಮರುದಿನ ಬೇವಿನ ಗಿಡದ ಹತ್ತಿರ ಲಾಠಿ ಅಡ್ಡ ಹಿಡಿದೆ.

"ಎಲ್ಲಿ ಹೊಂಟೀರಿ?"

"ಹೊಲಕ್ಕ ಹೊಂಟೀನ್ರಿ ಯವ್ವಾ."

"ಬುತ್ಯಾಗ ಏನದ?"

ಆಕೆ ಒಂದು ಕ್ಷಣವೂ ಯೋಚಿಸಲಿಲ್ಲ. "ಬರ್ರಿ, ಉಣ್ಣೂಣು!" ಎಂದಳು.

ನಮ್ಮ ಕಡೆ ಬುತ್ತಿಯ ಮಾತು ಬಂದರೆ ಬಾಯಿಗೆ ತಾನಾಗಿ ಬರುವ ಮಾತು ಅದು. ಎದುರಿಗೆ ಕಳ್ಳನಿರಲಿ ಪೊಲೀಸನಿರಲಿ, ಬುತ್ತಿ ಬಿಚ್ಚುವ ಮುಂಚೆ ಕರೆಯಲೇಬೇಕು. ಕರೆದ ಮೇಲೆ ಆಕೆಗೆ ತಾನೇನು ಅಂದೆ ಎಂಬುದು ಅರಿವಾಯಿತು. ಸೆರಗಿನ ಮೇಲಿನ ಕಣ್ಣುಗಳು ಅಗಲವಾದವು. ಬುತ್ತಿಯನ್ನು ಎದೆಗೆ ಒತ್ತಿಹಿಡಿದಳು.

"ಕರದೀರಲ್ಲ, ಬಿಚ್ಚ್ರಿ ಮತ್ತ. ನಮಗೂ ಹಸಿವ್ಯಾಗ್ಯಾದ" ಎಂದೆ. ಹೌದು, ಚುಚ್ಚಿಯೇ ಹೇಳಿದೆ. ಬಿಸಿಲಿಗೆ ನನ್ನ ನಾಲಿಗೆ ಚುರುಕಾಗಿತ್ತು.

ಎಡಗೈ ಸರಿಯಾಗಿ ಏಳುತ್ತಿರಲಿಲ್ಲ. ಬಲಗೈಯೊಂದರಿಂದಲೇ ಗಂಟು ಬಿಚ್ಚಲು ಹೋಗಿ, ಆಗದೆ, ಸೆರಗು ಕೆಳಗೆ ಎಳೆದು ಹಲ್ಲಿನಿಂದ ಗಂಟು ಕಚ್ಚಿದಳು. ಮುಖ ಬಯಲಾದದ್ದೇ ನಾನು "ಬಾಯಿ ಮುಚ್ಚ್ರಿ!" ಎಂದು ಕಿರುಚಿ ಹಿಂದಕ್ಕೆ ಹಾರಿದೆ. ಅಷ್ಟರಲ್ಲಿ ಗಂಟು ಬಿಚ್ಚಿಕೊಂಡಿತು. ಒಳಗೆ ಮಡಚಿದ ಹಳೆಯ ಸೀರೆ, ಅದರ ನಡುವೆ ಒಂದು ಖಾಲಿ ತಾಟು.

"ಯಪ್ಪಾ, ಖಾನಾವಳಿ ಅವ್ವ!" ಎಂದರು ಹವಾಲ್ದಾರರು. ಅವರ ದನಿ ಬಿದ್ದುಹೋಗಿತ್ತು.

ಆಗ ನಾನೂ ಗುರುತಿಸಿದೆ. ಬಸ್‌ಸ್ಟ್ಯಾಂಡಿನ ಹಿಂದೆ ಆಕೆಯ ಖಾನಾವಳಿ. ಡ್ರೈವರು, ಕಂಡಕ್ಟರು, ನಮ್ಮ ಠಾಣೆಯವರು, ಎಲ್ಲರೂ ಆಕೆಯ ಬಿಸಿ ರೊಟ್ಟಿ ತಿಂದವರೇ. ಲಾಕ್‌ಡೌನಿಗೆ ಸ್ವಲ್ಪ ಮೊದಲು ಆಕೆಗೆ ಲಕ್ವಾ ಹೊಡೆದಿತ್ತು ಎಂದು ಕೇಳಿದ್ದೆ. ಆಮೇಲೆ ಎಲ್ಲರ ಹಾಗೆ ಮರೆತಿದ್ದೆ.

ಆಕೆ ಅತ್ತಳು. ಪೊಲೀಸರ ಕೈಗೆ ಸಿಕ್ಕಿದ್ದಕ್ಕಲ್ಲ. "ಖಾಲಿ ಬುತ್ತಿ ಹಿಡಕೊಂಡು ಉಣ್ಣಾಕ ಕರದನಲ್ಲ ಯವ್ವಾ, ಎಂಥಾ ಬಾಯಿ ನಂದು" ಎಂದು ಅತ್ತಳು. ತಾಟನ್ನು ಸೀರೆಯಲ್ಲಿ ಮತ್ತೆ ಸುತ್ತಲು ನೋಡುತ್ತಿದ್ದಳು, ಅದು ಜಾರಿ ಜಾರಿ ಬೀಳುತ್ತಿತ್ತು. ನಾನು ಎತ್ತಿಕೊಡಬಹುದಿತ್ತು. ಮುಟ್ಟಲು ಹೆದರಿಕೆ.

ಹವಾಲ್ದಾರರು ಕೇಳಿದ್ದಕ್ಕೆ ಆಕೆ ಎಲ್ಲವನ್ನೂ ಹೇಳಿದಳು. "ಡಾಕ್ಟರ್ ದಿನಾ ನಡೀ ಅಂದಾರ್ರಿ. ಈಗ ನಡದ್ರ ಕಾಲು ಬರ್ತದಂತ, ಕುಂತ್ರ ಕುಂತೇ ಹೋಗ್ತದಂತ. ನನ್ನ ಖೋಲ್ಯಾಗ ಒಲಿ ಬಿಟ್ರ ಕಾಲಿಡಾಕ ಜಾಗಿಲ್ಲ. ಗಲ್ಲ್ಯಾಗ ನಡದ್ರ ಮಂದಿ ಬೈತಾರ, ಬ್ಯಾನಿ ಹಚ್ಚಾಕ ಬಂದಾಳ ಅಂತಾರ. ನಾ ನಿಂತು ರೊಟ್ಟಿ ಬಡಿಯೂದು ಬಿಟ್ರ ನನಗ ಯಾರದಾರ್ರಿ? ಆಳಂದದಾಗ ಮಗಳದಾಳ. ಅಕಿ ಅತ್ತಿ ಮನಿ ಬಾಗಲಾಗ ಕಾಲು ಎಳಕೋತ ಹೋಗಿ ಕುಂದರಲೇನು?"

ಅಷ್ಟರಲ್ಲಿ ಪಿಎಸ್‌ಐ ಸಾಹೇಬರ ಜೀಪು ಬಂತು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರ ಜೊತೆ ತರಬೇತಿ ಪಡೆದ ಗೆಳೆಯನೊಬ್ಬ ಆಗ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದ. ಅವರ ಕಣ್ಣಲ್ಲೂ ಅದೇ ಹೆದರಿಕೆ ಇತ್ತು, ಆದರೆ ಅವರು ಅದನ್ನು ಸಿಟ್ಟು ಮಾಡಿಕೊಂಡು ತಿರುಗುತ್ತಿದ್ದರು. ಎಲ್ಲ ಕೇಳಿಸಿಕೊಂಡು, "ಒಬ್ಬರನ್ನ ಬಿಟ್ರ ನಾಳೆ ಊರಿಗೆ ಊರೇ ಬಂದು ನಿಂದರತದ. ಹೊಳ್ಳಿ ಕಳಿಸ್ರಿ" ಎಂದರು. ಆ ಮಾತನ್ನು ಸುಳ್ಳು ಎನ್ನಲು ನನಗಾಗಲಿಲ್ಲ. ಅವ್ವ ಹೊರಳಿ ಊರ ಕಡೆ ನಡೆದಳು. ಆಕೆಯ ಬಡಿಗೆಯ ಸದ್ದು ಬಹಳ ಹೊತ್ತು ಕೇಳಿಸಿತು, ಏಕೆಂದರೆ ರಸ್ತೆಯಲ್ಲಿ ಬೇರೆ ಸದ್ದೇ ಇರಲಿಲ್ಲ.

ಇದಾದ ಸ್ವಲ್ಪ ದಿನಕ್ಕೆ ಆಕೆಯ ಗಲ್ಲಿಯಲ್ಲೇ ಒಬ್ಬರಿಗೆ ಸೋಂಕು ಬಂತು. ಗಲ್ಲಿಯ ಎರಡೂ ಬಾಯಿಗೆ ಬಿದಿರು ಕಟ್ಟಿ, ತಗಡು ಹೊಡೆದು ಸೀಲ್ ಮಾಡಿದರು. ಅಲ್ಲಿ ಹೆಂಗಸರು ಜಾಸ್ತಿ ಎಂದು ಬಂದೋಬಸ್ತಿಗೆ ನನ್ನನ್ನು ಹಾಕಿದರು. ಎರಡು ಮಾಸ್ಕ್, ಅದರ ಮೇಲೆ ಪ್ಲಾಸ್ಟಿಕ್ಕಿನ ಮುಖಪರದೆ. ಉಸಿರು ಒಳಗೇ ಸುತ್ತಿ ಕಣ್ಣು ಮಂಜಾಗುತ್ತಿತ್ತು. ಬಿದಿರಿನ ಸಂದಿಯಿಂದ ಹಾಲು, ಮಾತ್ರೆ, ಕಾಯಿಪಲ್ಲೆ ದಾಟಿಸುವುದು ನನ್ನ ಕೆಲಸ. ಚೀಲವನ್ನು ಕೋಲಿನ ತುದಿಗೆ ಸಿಕ್ಕಿಸಿ ಚಾಚುತ್ತಿದ್ದೆ. ಗಂಟಲು ಕೆರೆದರೆ ಸಾಕು, ಇದು ಅದೇ ಎಂದುಕೊಂಡು ಮಗಳ ಮುಖ ನೆನೆಯುತ್ತಿದ್ದೆ.

ಅಲ್ಲಿಂದ ಖಾನಾವಳಿ ಅವ್ವನ ಬಾಗಿಲು ನೇರ ಕಾಣುತ್ತಿತ್ತು. ಮೊದಮೊದಲು ಆಕೆ ಚೌಕಟ್ಟು ಹಿಡಿದು ನಿಂತು ಕಾಲೆತ್ತಿ ಇಳಿಸುವುದನ್ನು ನೋಡಿದೆ. ಒಂದು ಹೆಜ್ಜೆ ಹೊರಗೆ, ಒಂದು ಹೆಜ್ಜೆ ಒಳಗೆ. ಎದುರುಮನೆಯವರು ಕೂಗಿದರೆ ಒಳಗೆ ಸರಿಯುವಳು. ಬರಬರುತ್ತ ಹೊಸ್ತಿಲ ಮೇಲೆ ಕೂರತೊಡಗಿದಳು. ಹಾಲು ತೆಗೆದುಕೊಳ್ಳಲು ಎದ್ದು ಬಂದರೆ ಎಡಗಾಲಿನ ಹೆಬ್ಬೆರಳು ನೆಲದ ಮೇಲೆ ಗೀರು ಎಳೆಯುತ್ತಿತ್ತು. ನಾಕಾಕ್ಕೆ ಬರುವಾಗ ಹೀಗಿರಲಿಲ್ಲ, ಆಗ ಪಾದ ಎತ್ತುತ್ತಿದ್ದಳು. ಗಂಟಲು ದ್ರವ ತೆಗೆಯಲು ಬಂದಿದ್ದ ಡಾಕ್ಟರಮ್ಮನನ್ನು ಕೇಳಿದೆ. ಅವರು ಗೌನಿನ ಒಳಗಿಂದಲೇ ಹೇಳಿದರು, "ಪಾದ ಜೋಲಿ ಬೀಳಾಕತ್ತದ. ಇನ್ನ ಸ್ವಲ್ಪ ದಿನ ಹಿಂಗೇ ಕುಂತ್ರ ಕೀಲು ಬಿಗಿತಾವ. ಆಮ್ಯಾಲ ನಾವೇನು ಮಾಡಿದ್ರೂ ಹೊಳ್ಳಂಗಿಲ್ಲ."

ಆ ದಿನ ಪಾಳಿ ಮುಗಿಸಿ ನಾಕಾದ ಮೇಲೆ ಹಾದು ಬಂದರೆ, ಸಾವ್ಕಾರರ ಕಾರು ಕಬ್ಬಿನ ಹೊಲದ ಬದಿಗೆ ನಿಂತಿತ್ತು. ಈಗ ಅವರು ಸಂಜೆಯೂ ಬರುತ್ತಿದ್ದರು. ಒಂದೇ ರಸ್ತೆ, ಒಂದೇ ಗಾಳಿ. ಒಬ್ಬರ ಕಾಲು ಗಟ್ಟಿಯಾಗುತ್ತಿತ್ತು, ಒಬ್ಬರ ಕಾಲು ಹೋಗುತ್ತಿತ್ತು. ನಡುವೆ ಇದ್ದದ್ದು ಒಂದು ಹೊಲ. ಸಿಟ್ಟು ಬಂದು ಬ್ಯಾರಿಕೇಡಿಗೆ ಒದ್ದೆ, ಬೂಟಿನೊಳಗೆ ನನ್ನದೇ ಹೆಬ್ಬೆರಳು ನೊಂದಿತು. ನೋವಿಗೆ ಕುಂಟುತ್ತ ಬೇವಿನ ಗಿಡದಿಂದ ಸೇತುವೆಯವರೆಗೆ ಕಣ್ಣು ಹಾಯಿಸಿದೆ. ಮನುಷ್ಯರ ಸುಳಿವಿಲ್ಲದ ರಸ್ತೆ. ಎರಡೂ ಕಡೆ ನಮ್ಮದೇ ಕಾವಲು. ಇಡೀ ತಾಲೂಕಿನಲ್ಲಿ ಯಾರ ಉಸಿರೂ ಯಾರಿಗೂ ತಾಗದಂಥ ಜಾಗ ಒಂದಿದ್ದರೆ ಅದು ನಾವೇ ಮುಚ್ಚಿಟ್ಟುಕೊಂಡು ಕೂತಿದ್ದ ಈ ರಸ್ತೆ. ಇದು ಇಷ್ಟು ದಿನ ನನ್ನ ತಲೆಗೆ ಹೊಳೆದಿರಲಿಲ್ಲ, ಸಾಹೇಬರ ತಲೆಗೂ ಹೊಳೆದಿರಲಿಲ್ಲ.

ಗಲ್ಲಿಯ ಬಿದಿರು ಬಿಚ್ಚಿ ನನ್ನನ್ನು ಮತ್ತೆ ನಾಕಾಕ್ಕೆ ಹಾಕಿದ ಮೇಲೆ ಸಾಹೇಬರನ್ನು ಕೇಳಿದೆ. ಸಲ್ಯೂಟ್ ಹೊಡೆದ ಕೈ ಇಳಿಸುವ ಮೊದಲೇ ಕೇಳಿದೆ, ಇಳಿಸಿದರೆ ಧೈರ್ಯವೂ ಇಳಿಯುತ್ತದೆಂದು.

"ಸರ್, ಹೊಲದವರು ದಾಟಿ ಹೋದ ಮ್ಯಾಲ ಈ ನಡುವಿನ ರಸ್ತೆ ಖಾಲಿ ಇರ್ತದ್ರಿ. ಖಾನಾವಳಿ ಅವ್ವ ಒಬ್ಬಾಕಿನೇ ಇಲ್ಲಿ ನಡದ್ರ ಯಾರಿಗೇನು ತ್ರಾಸಿಲ್ರಿ. ನಾ ದೂರ ನಿಂತು ನೋಡ್ಕೋತೀನ್ರಿ."

"ಯಾರರೆ ವಿಡಿಯೋ ಮಾಡಿ ವಾಟ್ಸಾಪ್‌ಗೆ ಬಿಟ್ರ? ನಾಕಾ ಅಂದ್ರ ಗಾರ್ಡನ್ ಏನು ಅಂತ ಮ್ಯಾಲಿನವರು ಕೇಳ್ತಾರ. ಆಗ ಏನು ಹೇಳ್ತೀರಿ?"

ಸಾಹೇಬರು ಹೊಲದ ಕಡೆ ನೋಡಿದರು. ಬಿಳಿ ಬೂಟುಗಳು ಬದುವಿನ ಮೇಲೆ ಸುತ್ತು ಹಾಕುತ್ತಿದ್ದವು.

"ನೀವು ನನಗೇನೂ ಕೇಳಿಲ್ಲ, ನಾ ಏನೂ ಹೇಳಿಲ್ಲ. ಹೆಚ್ಚುಕಮ್ಮಿ ಆದ್ರ ಮಾತ್ರ ನಿಮ್ಮ ಹೆಸರೇ ಬರೀತೀನಿ" ಎಂದು ಜೀಪು ಹತ್ತಿದರು.

ಇಂಥ ಅನುಮತಿಗಿಂತ ನಿರಾಕರಣೆ ವಾಸಿ. ನೌಕರಿ ಹೋದರೆ ಮನೆ ನಡೆಸುವುದು ಹೇಗೆ? ಸೀಲ್ ಆದ ಗಲ್ಲಿಯಿಂದ ಬಂದವಳಿಂದ ರೋಗ ಹರಡಿತು ಎಂದು ಯಾರಾದರೂ ಅಂದರೆ ಊರಿನ ಮುಂದೆ ತಲೆ ಎತ್ತುವುದು ಹೇಗೆ? ಅತ್ತೆಯ ದಮ್ಮು ಏನಾದೀತು? ಹವಾಲ್ದಾರರು ನನ್ನ ಮುಖ ನೋಡಿ, "ಬ್ಯಾಡಂದ್ರ ಬಿಡವ್ವ. ನಾನರೆ ಅಕಿ ಕೈ ಅನ್ನ ಉಂಡಾಂವ. ನೀ ಯಾಕ ಮೈಮ್ಯಾಲ ಹಾಕೋತಿ?" ಎಂದರು. ಆ ಮಾತಿಗೇ ನಾನು ಗಾಡಿ ಹತ್ತಿ ಗಲ್ಲಿಗೆ ಹೋದೆ. ನನಗೆ ಬೇಡ ಎಂದರೆ ಹಟ ಹೆಚ್ಚು.

ಅವ್ವ ಬಾಗಿಲ ಹಿಂದಿನಿಂದ ಮಾತಾಡಿದಳು. "ಬ್ಯಾಡ ಯವ್ವಾ. ಒಮ್ಮೆ ಆದ ಮರ್ಯಾದಿ ಸಾಕು."

"ಈಗ ಬುತ್ತಿ ಬ್ಯಾಡವ್ವ. ಬರೇ ನೀವು ಬರ್ರಿ."

"ಬುತ್ತಿ ಇಲ್ಲದ ಹ್ಯಾಂಗ ಬಿಡ್ತೀರಿ?"

"ನಾ ಬಿಡ್ತೀನಿ" ಎಂದೆ.

ಮರುದಿನ ಆಕೆ ಬಂದಳು. ಬೇವಿನ ಗಿಡದ ಹತ್ತಿರ ಬ್ಯಾರಿಕೇಡು ಸರಿಸಿ ನಾನು ದೂರ ನಿಂತೆ. ಹವಾಲ್ದಾರರು ಸೇತುವೆಯ ಕಡೆ ನಿಂತರು. ಆಕೆ ನಡುವಿನ ರಸ್ತೆಯಲ್ಲಿ ಹೆಜ್ಜೆ ಇಟ್ಟಳು. ಪಾದ ಎತ್ತಲು ಬರುವುದಿಲ್ಲವೆಂದು ಇಡೀ ಸೊಂಟವನ್ನೇ ಎತ್ತಿ ಕಾಲನ್ನು ಮುಂದೆ ಎಸೆಯುವಳು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವಳು. ಮೊದಲ ದಿನ ಅರ್ಧ ದಾರಿಯನ್ನೂ ಮುಟ್ಟಲಿಲ್ಲ. ನಾನು ಆಕೆಯ ಕಾಲನ್ನು ನೋಡುತ್ತಿರಲಿಲ್ಲ. ಊರ ಕಡೆಯ ಮಾಳಿಗೆಗಳನ್ನು, ರಸ್ತೆ ಬದಿಯ ಗಿಡಗಳ ಮರೆಯನ್ನು ನೋಡುತ್ತಿದ್ದೆ. ಯಾರಾದರೂ ಮೊಬೈಲು ಎತ್ತಿಹಿಡಿದಿದ್ದಾರೆಯೇ ಎಂದು.

ಮೊಬೈಲಿಗಿಂತ ಮೊದಲು ಬಂದವರು ಮಾಸ್ತರರು. ಕೆಲ ದಿನ ಗಿಡದ ಬುಡದಲ್ಲಿ ನಿಂತು ಅವ್ವ ನಡೆಯುವುದನ್ನು ನೋಡಿದರು. ಒಂದು ಬೆಳಿಗ್ಗೆ ಕೇಳಿದರು, ಎಂದಿನ ಮೆತ್ತನೆಯ ದನಿಯಲ್ಲೇ.

"ಲಕ್ವಾ ಹೊಡದ ಮ್ಯಾಲೇ ನಡೀಬೇಕೇನ್ರಿ ಬಾಯಿ? ಹೊಡಿಯೂಕಿಂತ ಮೊದಲ ನಡದ್ರ ನಡಿಯಂಗಿಲ್ಲೇನು?"

"ಇಲ್ರಿ ಸರ್, ಹೋಗ್ರಿ" ಎಂದೆ. ಅವರು ಹೋದರು. ಅನ್ಯಾಯ ತಪ್ಪಿಸಲು ಹೋಗಿ ಇನ್ನೊಂದು ಅನ್ಯಾಯವನ್ನು ನನ್ನ ಕೈಯಾರೆ ಮಾಡಿದ ಹಾಗಾಯಿತು. ನಿನ್ನೆಯವರೆಗೆ ಬುತ್ತಿ ಇದ್ದವರಿಗೆ ದಾರಿಯಿತ್ತು, ಈಗ ಕಾಲು ಬಿದ್ದವರಿಗೆ ದಾರಿಯಿತ್ತು. ಮಾಸ್ತರರು ಎರಡರಲ್ಲೂ ಇರಲಿಲ್ಲ.

ಅದೇ ವಾರ ವಿಡಿಯೋ ಬಂತು. ಯಾರದೋ ಮಾಳಿಗೆಯ ಮೇಲಿಂದ ತೆಗೆದದ್ದು. ಖಾಕಿಯಲ್ಲಿ ನಾನು, ದೂರದಲ್ಲಿ ಬಡಿಗೆ ಊರುತ್ತಿರುವ ಅವ್ವ. ಕೆಳಗೆ 'ಪೊಲೀಸರಿಗೆ ಬೇಕಾದವರಿಗೆ ವಾಕಿಂಗ್, ಬಡವರಿಗೆ ಲಾಠಿ' ಎಂದು ಬರೆದಿದ್ದರು. ಬರೆದವರಿಗೆ ಆ ಹೆಂಗಸು ಯಾರೆಂದು ಗೊತ್ತಿರಲಿಲ್ಲ. ಆ ರಾತ್ರಿ ಪಡಸಾಲೆಯಲ್ಲಿ ಮಲಗಿ, ನೌಕರಿ ಹೋದರೆ ಜೇವರ್ಗಿ ಕಡೆ ತವರಿಗೆ ಹೋಗುವುದೋ ಎಂದು ಯೋಚಿಸಿದೆ. ಯಾವ ಬಸ್ಸಿತ್ತು ಹೋಗಲು?

ಬೆಳಿಗ್ಗೆ ಅವ್ವ ಬರದಿದ್ದರೆ ಸಾಕು ಎಂದು ಮನಸ್ಸು ಹೇಳುತ್ತಿತ್ತು. ಬಂದಳು. ಅಂದು ಹೆಗಲಿಗೆ ಬುತ್ತಿಯೂ ಇತ್ತು. ವಿಡಿಯೋ ವಿಷಯ ಆಕೆಗೆ ತಿಳಿದಿರಲಿಲ್ಲ. ತಿರುಗಿ ಹೋಗಿ ಎನ್ನಬೇಕೆಂದಿದ್ದವಳು ಬ್ಯಾರಿಕೇಡು ಸರಿಸಿದೆ. ಆಕೆ ಬ್ಯಾರಿಕೇಡು ದಾಟಿ ನಡೆಯತೊಡಗಿದಳು. ನಡು ರಸ್ತೆಗೆ ಮುಟ್ಟಿದ್ದಳು, ಆಗ ನನ್ನ ಹಿಂದೆ ಜೀಪಿನ ಸದ್ದು.

ಡ್ರೈವರ್ ಹಾರ್ನ್ ಹೊಡೆದ. ಅವ್ವ ಬೆಚ್ಚಿ ಹಿಂತಿರುಗಿದಳು, ಬಡಿಗೆ ಜಾರಿತು. ನಾನು ಓಡಿದೆ. ಹತ್ತಿರ ಹೋಗಿ ಕೈ ಚಾಚಿದೆ, ಆದರೆ ಮುಟ್ಟಲಿಲ್ಲ. ಹೆದರಿಕೆ ಕೈಯನ್ನು ಅಲ್ಲೇ ನಿಲ್ಲಿಸಿತು. ಆಕೆ ನನ್ನ ಚಾಚಿದ ಕೈಯನ್ನು ನೋಡಿದಳು, ನನ್ನ ಕಣ್ಣನ್ನು ನೋಡಿದಳು. ಎಡಗಾಲನ್ನು ನೆಲಕ್ಕೆ ಒತ್ತಿ, ತೂಗಾಡಿ, ತಾನೇ ನಿಂತಳು. ಒತ್ತಿದ್ದು ಎಡಗಾಲನ್ನು. ಅದು ಆಕೆಯನ್ನು ಹೊತ್ತುಕೊಂಡಿತು.

ಹಿಂದೆ ಸಾಹೇಬರ ದನಿ ಕೇಳಿತು. ಬೈಗುಳ ಡ್ರೈವರಿಗೆ. "ಲೇ, ಹಾರ್ನ್ ಯಾಕ ಹೊಡಿತಿ? ಬಂದ್ ಮಾಡು ಗಾಡಿ. ಅಕಿ ತುದಿ ಮುಟ್ಟಲಿ."

ಜೀಪು ನಿಂತಿತು. ಅವ್ವ ನಡೆದಳು. ಸಾಹೇಬರು ಕೆಳಗಿಳಿದು ಬ್ಯಾರಿಕೇಡಿಗೆ ಒರಗಿ ನೋಡುತ್ತಿದ್ದರು. ಸೇತುವೆ ಮುಟ್ಟಿ, ಹೊರಳಿ, ಇಷ್ಟು ದೂರವನ್ನೂ ಮರಳಿ ನಡೆದು ಆಕೆ ನಮ್ಮ ಮುಂದೆ ಬಂದು ನಿಂತಾಗ ಬಿಸಿಲು ಏರಿತ್ತು. ಸಾಹೇಬರ ಕಣ್ಣು ಆಕೆಯ ಹೆಗಲ ಮೇಲಿತ್ತು.

"ಬುತ್ಯಾಗ ಏನದ ಅವ್ವಾರ?" ಎಂದರು.

"ಬರ್ರಿ ಸಾಹೇಬ್ರ, ಉಣ್ಣೂಣು" ಎಂದಳು. ಈ ಸಲ ಕಣ್ಣು ಅಗಲವಾಗಲಿಲ್ಲ. ರಸ್ತೆ ಬದಿಯ ಕಟ್ಟೆಯ ಮೇಲೆ ಬುತ್ತಿ ಇಟ್ಟು, ಎಡಗೈಯಿಂದ ಒತ್ತಿಹಿಡಿದು ಬಲಗೈಯಿಂದ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ಹಳೆಯ ತೆಳು ರೊಟ್ಟಿಗಳಲ್ಲ. ದಪ್ಪ, ಒಂದು ಕಡೆ ಹರಿದವು, ಅಂಚು ಸೊಟ್ಟ. ಒಂದೂವರೆ ಕೈಯಿಂದ ಬಡಿದ ರೊಟ್ಟಿ.

ಸಾಹೇಬರು ಹತ್ತಿರ ಬರಲಿಲ್ಲ. ಅವರಿಗೂ ನನ್ನ ಹಾಗೇ ಹೆದರಿಕೆಯಾಗಿತ್ತು. ಅವ್ವನಿಗೆ ತಿಳಿಯಿತು. ತಾನೇ ಬಡಿಗೆ ಊರಿ ಹಿಂದೆ ಸರಿದು, "ಅಲ್ಲೇ ಬಿಸಲಾಗ ಇರ್ಲಿ ಯಪ್ಪಾ. ಮೊದಲ ಬಿಸಲು ಉಣ್ಣಲಿ, ಆಮ್ಯಾಲ ನೀವು ಉಣ್ರಿ" ಎಂದಳು.

ಸಾಹೇಬರು ಬೇವಿನ ಗಿಡದ ಕಡೆ ತಿರುಗಿದರು. ಮಾಸ್ತರರು ಎಂದಿನಂತೆ ಅಲ್ಲಿದ್ದರು.

"ಮಾಸ್ತರ್, ನಿಮ್ಮದೂ ನಡಿಯೂದದ ಏನು?"

"ಹೌದ್ರಿ."

"ಅವ್ವ ಹೊರಗ ಬಂದ ಮ್ಯಾಲ ಹೋಗ್ರಿ. ಒಬ್ಬೊಬ್ಬರೇ. ಯಾರು ಬಂದ್ರೂ ಸರತಿ ಪ್ರಕಾರ, ಒಬ್ಬೊಬ್ಬರೇ" ಎಂದು ನನ್ನ ಕಡೆ ನೋಡಿದರು. "ವಿಡಿಯೋಕ್ಕ ನಾ ಉತ್ತರ ಬರೀತೀನಿ. ಅದರಾಗ ನನ್ನ ಹೆಸರೇ ಇರ್ತದ."

ಜೀಪು ಹೋಯಿತು. ಮಾಸ್ತರರು ಅಂಗಿ ಸರಿಪಡಿಸಿಕೊಂಡು ಬ್ಯಾರಿಕೇಡು ದಾಟಿದರು. ಬೇವಿನ ಗಿಡದವರೆಗೂ ಬರಲಾಗದವರು, ಬರಬಹುದೆಂದು ತಿಳಿಯದವರು ಗಲ್ಲಿಗಳಲ್ಲಿ ಎಷ್ಟು ಜನ ಕೂತಿದ್ದರೋ, ಅವರ ಲೆಕ್ಕ ನನಗೆ ಇವತ್ತಿಗೂ ಗೊತ್ತಿಲ್ಲ.

ಪಾಳಿ ಮುಗಿಯುವ ಹೊತ್ತಿಗೆ ಹವಾಲ್ದಾರರು ತಮ್ಮ ರೊಟ್ಟಿ ತಿಂದು ಮುಗಿಸಿದ್ದರು. ನನ್ನದು ಕಟ್ಟೆಯ ಮೇಲೆ ಕಾದು ಬಾಗಿ ಹಪ್ಪಳದ ಹಾಗಾಗಿತ್ತು. ನಾಯಿ ಬಂದು ಬಾಲ ಅಲ್ಲಾಡಿಸುತ್ತ ನಿಂತಿತು, ಅದಕ್ಕೆ ರೂಢಿಯಾಗಿತ್ತಲ್ಲ. ಅವ್ವ ಇನ್ನೂ ಹೋಗಿರಲಿಲ್ಲ. ದೂರದ ನೆರಳಲ್ಲಿ ಕೂತು ನಾನು ಏನು ಮಾಡುತ್ತೇನೆಂದು ನೋಡುತ್ತಿದ್ದಳು. ಮಾಸ್ಕ್ ಇಳಿಸಿದೆ. ಎಷ್ಟೋ ವಾರಗಳ ನಂತರ ಹೊರಗಿನ ಗಾಳಿ ತುಟಿಗೆ ತಾಗಿತು. ರೊಟ್ಟಿ ಮುರಿದು ಬಾಯಿಗಿಟ್ಟೆ. ನುಂಗುವಾಗ ಮಗಳು ಹೊಸ್ತಿಲಲ್ಲಿ ನಿಂತದ್ದು ಕಣ್ಣ ಮುಂದೆ ಬಂತು, ಹೆದರಿಕೆ ಹೋಗಿರಲಿಲ್ಲ. ನಾಯಿಗೆ ಒಂದು ಚೂರೂ ಹಾಕದೆ ಪೂರ್ತಿ ತಿಂದೆ.